ಗೀಜಗನ ಮೊದಲ ಗಂಟು

ಬಾವಿಯ ಮೇಲೆ ಬಾಗಿದ ಈಚಲು ಮರದಲ್ಲಿ ಗೀಜಗ ಹಕ್ಕಿಗಳ ದೊಡ್ಡ ವಠಾರವಿತ್ತು. ಅಲ್ಲಿ ಗಂಡು ಅರ್ಧ ಗೂಡು ಕಟ್ಟಿ ಹೆಣ್ಣನ್ನು ಕರೆಯಬೇಕು, ಅವಳು ಬಂದು ನೋಡಿ ಒಪ್ಪಿದ ಮೇಲೆಯೇ ಉಳಿದರ್ಧ ಕಟ್ಟಬೇಕು. ಚೊಕ್ಕಣ್ಣನೆಂಬ ಗೀಜಗನಿಗೆ ಈ ಪದ್ಧತಿಯೇ ಹಿಡಿಸಲಿಲ್ಲ. "ಅರ್ಧಂಬರ್ಧ ಕೆಲಸ ತೋರಿಸಿ ಮಾನ ಕಳೆದುಕೊಳ್ಳಲೇ?" ಎಂದು ಅವನು ಗೂಡಿನ ಮೊದಲ ಗಂಟನ್ನೇ ಮೂವತ್ತು ಸಲ ಹಾಕಿ, ಮೂವತ್ತು ಸಲ ಬಿಚ್ಚಿದ.

ಪಕ್ಕದ ಗರಿಯ ಮುದ್ದಪ್ಪ ಸೊಟ್ಟಪಟ್ಟ ಗೂಡೊಂದನ್ನು ಅರ್ಧ ಹೆಣೆದು, ಗಂಟಲು ಹರಿದುಹೋಗುವಂತೆ ಕೂಗಿದ. ಹೆಣ್ಣೊಬ್ಬಳು ಬಂದು ನಾಲ್ಕು ಎಳೆ ಜಗ್ಗಿ, ಮೂಗು ಮುರಿದು, ಕೊನೆಗೆ ಒಪ್ಪಿಕೊಂಡಳು. ಮೊಟ್ಟೆಯಾಯಿತು, ಮರಿಯಾಯಿತು. ಅಷ್ಟರಲ್ಲಿ ಚೊಕ್ಕಣ್ಣನ ಗಂಟೂ ಒಂದಿಷ್ಟೂ ಕುಂದಿಲ್ಲದಂತೆ ಕೂತಿತು. ಅವನು ಹಿಂದೆ ಸರಿದು ಅದನ್ನು ಕಣ್ತುಂಬ ನೋಡುತ್ತಿರುವಾಗಲೇ, ಆಗತಾನೇ ಹಾರಲು ಕಲಿತ ಮುದ್ದಪ್ಪನ ಮರಿ ಬಂದು ಅದರ ಮೇಲೆ ಕೂತು ಹಿಕ್ಕೆ ಹಾಕಿತು.

"ನನ್ನ ಮನೆಯನ್ನು ಹೊಲಸು ಮಾಡಿದೆಯಲ್ಲೋ!" ಎಂದು ಚೊಕ್ಕಣ್ಣ ಅರಚಿದ.

"ಇದು ಮನೆಯೇ ಚಿಕ್ಕಪ್ಪ? ನಾನು ಬರೀ ಗಂಟು ಅಂದುಕೊಂಡೆ," ಎಂದಿತು ಮರಿ.

ಹೇಗೂ ಕೆಟ್ಟದ್ದಾಯಿತಲ್ಲ, ಇನ್ನೇನು ಕೆಡುತ್ತದೆ ಎಂದುಕೊಂಡು ಚೊಕ್ಕಣ್ಣ ಒಂದೇ ವಾರದಲ್ಲಿ ಅರ್ಧ ಗೂಡು ಹೆಣೆದು, ಕಣ್ಣು ಮುಚ್ಚಿಕೊಂಡು ಕೂಗಿಯೇಬಿಟ್ಟ.

ಬಂದ ಹೆಣ್ಣು ಗಂಟಿನ ಮೇಲಿನ ಬಿಳಿ ಕಲೆ ನೋಡಿ, "ಇದೇನು ಹೊಲಸು?" ಎಂದಳು.

"ಇದು ಮಕ್ಕಳಿರುವ ವಠಾರ," ಎಂದ ಚೊಕ್ಕಣ್ಣ.

"ಹಾಗಿದ್ದರೆ ಸರಿ. ಉಳಿದರ್ಧ ಬೇಗ ಮುಗಿಸು, ನಾನು ಮೊಟ್ಟೆಯಿಡಬೇಕು."