ಕುಂಕುಮಕ್ಕೆ ಜಾಗವಿಲ್ಲದ ಟಿವಿ

ಪುಟ್ಟನಂಜಮ್ಮನ ಮನೆಯ ಟಿವಿಯ ಪರದೆಗೆ ತನ್ನ ಅಂದದ ಮೇಲೆ ಬಲು ಗರ್ವ. ಒಂದು ದಿನ ಅದು ತನ್ನ ಸುತ್ತಲಿನ ಚೌಕಟ್ಟಿಗೆ, “ನನ್ನ ಚೆಲುವಿಗೆ ನೀನೇ ಅಡ್ಡ, ಸರಿದುಕೋ” ಎಂದಿತು.

“ಅಕ್ಕಾ, ನಾನಿರುವುದು ಚೆಂದಕ್ಕಲ್ಲ, ನಿನ್ನ ಕಾವಲಿಗೆ,” ಎಂದಿತು ಚೌಕಟ್ಟು. ಪರದೆ ಕೇಳಲಿಲ್ಲ. ಚೌಕಟ್ಟು ನೊಂದು, ಕುಗ್ಗಿ ಕುಗ್ಗಿ ನೂಲಿನೆಳೆಯಷ್ಟಾಯಿತು. ಮನೆಗೆ ಬಂದವರೆಲ್ಲ ಪರದೆಯನ್ನು ಹೊಗಳಿದ್ದೇ ಹೊಗಳಿದ್ದು.

ಆಯುಧಪೂಜೆ ಬಂತು. ಪ್ರತಿ ವರ್ಷ ಚೌಕಟ್ಟಿಗೆ ಅರಿಸಿನ ಕುಂಕುಮ ಹಚ್ಚುತ್ತಿದ್ದ ಪುಟ್ಟನಂಜಮ್ಮ, ಈ ಸಲ ಅಂಚೇ ಸಿಗದೆ ಪರದೆಯ ನಡುವಿಗೇ ಒತ್ತಿದಳು. ಮರುದಿನ ಎಷ್ಟು ಉಜ್ಜಿದರೂ ಕಲೆ ಹೋಗಲಿಲ್ಲ, ಮೇಲೆ ಗೀರೂ ಬಿತ್ತು. ಅಂದಿನಿಂದ ಅದರಲ್ಲಿ ಮೂಡಿದ ಮುಖಕ್ಕೆಲ್ಲ ಕೆಂಪು ಕಲೆ.

“ತಮ್ಮಾ, ಮರಳಿ ಬಾರೋ,” ಎಂದು ಪರದೆ ಅತ್ತಿತು.

“ಇಲ್ಲೇ ಇದ್ದೇನಕ್ಕಾ,” ಎಂದಿತು ಚೌಕಟ್ಟು. “ಆದರೆ ಆ ಕುಂಕುಮ ಹೊರುವಷ್ಟು ಮೈ ನನಗೀಗ ಉಳಿದಿಲ್ಲ.”