ಬೆಡ್ಡು ಗಾಡಿ

ಹಳೇ ಕಾಲದ ಬ್ರೆಡ್ಡಿನ ವ್ಯಾನೊಂದನ್ನು ಮೆಕ್ಯಾನಿಕ್ ಗಫೂರ್ ಸಾಬರು ರಿಪೇರಿ ಮಾಡಿ ಹೊಸದರಂತೆ ನಿಲ್ಲಿಸಿದರು. ಹಿಂದೆ ಯಾವನೋ ಪೇಂಟರ್ ಅದರ ಬಾಗಿಲ ಮೇಲೆ ರ-ಒತ್ತು ಮರೆತು ‘ಬೆಡ್ಡು’ ಎಂದು ಬರೆದಿದ್ದ. ಬೀದಿಯವರಿಗೆಲ್ಲ ಅದು ಬೆಡ್ಡು ಗಾಡಿಯೇ ಆಗಿತ್ತು. ಸಾಬರು ಆ ಬಾಗಿಲನ್ನು ಗುಜರಿಗೆ ಎಸೆದು, ಹೊಸ ಬಾಗಿಲಲ್ಲಿ ‘ಬ್ರೆಡ್ಡು’ ಎಂದು ತಿದ್ದಿ ಬರೆಸಿದರು.

ಬ್ರೆಡ್ಡಿನ ಹಳೆಯ ಗಿರಾಕಿ ರೋಸಮ್ಮ ವ್ಯಾನನ್ನು ಸುತ್ತಿ ನೋಡಿ, “ಚೆನ್ನಾಗಿದೆ ಸಾಬರೇ. ನಮ್ಮ ಬೆಡ್ಡು ಗಾಡಿ ಎಲ್ಲಿ?” ಎಂದರು. ಅಷ್ಟರಲ್ಲಿ ತಾವೇ ಗುಜರಿ ಕಡೆ ತಿರುಗಿ, “ಅಗೋ, ಅಲ್ಲಿದೆ!” ಎಂದು ಹೋಗಿ ಬಾಗಿಲನ್ನು ಸವರಿದರು.

ಅವರು ಹೋದ ಮೇಲೆ ವ್ಯಾನು ಗಲಿಬಿಲಿಗೊಂಡು, “ಎಂಜಿನ್ ನನ್ನದು, ಚಕ್ರ ನನ್ನದು. ಗಾಡಿ ನೀನು ಹೇಗಾದೆ?” ಎಂದು ಕೇಳಿತು.

“ನನಗೂ ಅದೇ ತಿಳಿಯುತ್ತಿಲ್ಲ,” ಎಂದಿತು ಬಾಗಿಲು. “ಆಕೆ ಹೆಸರು ಹಿಡಿದು ಕರೆದ ಕೂಡಲೇ ಹೊರಡಲು ನೋಡಿದೆ, ಚಕ್ರವಿಲ್ಲದ್ದು ಆಮೇಲೆ ನೆನಪಾಯಿತು. ಚಕ್ರವಿದ್ದ ನೀನೇಕೆ ಕದಲಲಿಲ್ಲ?”