ರಾಹುಕಾಲದ ರಿಪೇರಿ

ಸಂಜೆಯೊಳಗೆ ಫ್ಲೆಕ್ಸ್ ಕಟ್ಟಬೇಕು. ಮುಖಂಡ ಚನ್ನವೀರಣ್ಣನವರ ಬೋಳುತಲೆಗೆ ಕೂದಲು ಬರಿಸಲು ಹೊರಟಾಗಲೆಲ್ಲ ಫೋಟೊ ತಿದ್ದುವ ಸಾಫ್ಟ್‌ವೇರ್ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು.

“ಸ್ಕ್ರೀನ್ ಮೇಲೆ ಚಿತ್ರ ಮೂಡಿಸೋ ಪ್ರೋಗ್ರಾಂ ಇದ್ಯಲ್ಲ, ಆ ಹೊಸ ಗ್ರಾಫಿಕ್ಸ್ ಡ್ರೈವರ್ ಕಾಟ, ಸಾರ್. ಅದನ್ನ ತೆಗೆದು ಹಳೇದೇ ಹಾಕಿ, ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡ್ಬೇಕು,” ಎಂದಳು ಫ್ಲೆಕ್ಸ್ ಅಂಗಡಿಯ ಜರೀನಾ.

“ಚುನಾವಣೆ ಹೊತ್ತಲ್ಲಿ ನನ್ನ ಮುಖ ಆಫ್ ಮಾಡ್ತೀಯಾ? ಅಪಶಕುನ!” ಮುಖಂಡರು ಗುಡುಗಿದರು.

ಜರೀನಾ ಗಡಿಯಾರ ನೋಡಿದಳು. “ಆಯ್ತು ಸಾರ್. ಆದ್ರೆ ಇವತ್ತು ಮಂಗಳವಾರ, ಮೂರು ಗಂಟೆ ಆಯ್ತು. ರಾಹುಕಾಲದಲ್ಲೂ ನಿಮ್ಮ ಮುಖ ಸ್ಕ್ರೀನ್ ಮೇಲೇ ಇರ್ಬೇಕಾ?”

“ಆಫ್ ಮಾಡಮ್ಮ, ಬೇಗ ಆಫ್ ಮಾಡು!” ಎನ್ನುತ್ತ ಅವರೇ ಹೊರಗೆ ಓಡಿದರು.

ರಾಹುಕಾಲ ಕಳೆದು ನಾಲ್ಕೂವರೆಗೆ ಒಳಬಂದರು. ಅಷ್ಟರಲ್ಲಿ ಜರೀನಾ ಹಳೆಯ ಡ್ರೈವರ್ ಹಾಕಿ ಮುಗಿಸಿದ್ದಳು. ಫೋಟೊದಲ್ಲಿ ತಲೆತುಂಬ ಕೂದಲು.

“ನೋಡಿದ್ಯಾ? ಡ್ರೈವರೂ ಇಲ್ಲ, ಗೀವರೂ ಇಲ್ಲ. ಕೆಟ್ಟಿದ್ದು ಕಾಲ!” ಎಂದರು ಮುಖಂಡರು, ಇಲ್ಲದ ಕೂದಲನ್ನು ಸವರಿಕೊಳ್ಳುತ್ತ.